ಒರೆಸಿದ ಕುರ್ಚಿ

ಮಕ್ಕಳು ದೇವರ ಸಮಾನ ಅನ್ನುವವರು ಒಂದು ವಾರ ಪರರ ಮಕ್ಕಳ ಅಂಡು ತೊಳೆದು, ಆಮೇಲೆ ಬಂದು ಆ ಮಾತು ಹೇಳಲಿ. ನಾನು ತೊಳೆದಿದ್ದೇನೆ. ನಮ್ಮಕ್ಕ ನನಗಿಂತ ಹೆಚ್ಚು ತೊಳೆದಿದ್ದಾಳೆ. ದೇವರಿಗೆ ಕಣ್ಣಿದೆಯೋ ಇಲ್ಲವೋ ಗೊತ್ತಿಲ್ಲ. ಮಕ್ಕಳಿಗಿದೆ. ಯಾರು ಎಲ್ಲಿ ಕೂರುತ್ತಾರೆ, ಯಾರು ಬಂದರೆ ಯಾರು ಎದ್ದು ನಿಲ್ಲುತ್ತಾರೆ, ಯಾರು ಕರೆದರೆ ಯಾರೂ ತಿರುಗಿ ನೋಡುವುದಿಲ್ಲ, ಇದನ್ನೆಲ್ಲ ಅವು ಹಲ್ಲು ಹುಟ್ಟುವ ಮೊದಲೇ ನೋಡಿ ಮುಗಿಸಿರುತ್ತವೆ. ಆಮೇಲೆ ನಾವು ಅವಕ್ಕೆ ಅಕ್ಷರ ಕಲಿಸುತ್ತೇವೆ.

ಅದೊಂದು ಡೇ ಕೇರ್. ಮೇಲಿನ ಮಹಡಿಗಳಲ್ಲಿ ಕಚೇರಿಗಳು, ನೆಲಮಹಡಿಯಲ್ಲಿ ಆ ಕಚೇರಿಯವರ ಮಕ್ಕಳು. ಒಳಗೆ ಎರಡು ಬಣ್ಣ. ಪಾಠ ಹೇಳುವ ಮಿಸ್‌ಗಳಿಗೆ ಹಳದಿ ಕೋಟು. ಆಯಾಗಳಿಗೆ ಬೂದು ಏಪ್ರನ್, ಬೂದು ಬಣ್ಣದಲ್ಲಿ ಕೊಳೆ ಕಾಣುವುದಿಲ್ಲವಲ್ಲ, ಅದಕ್ಕೆ. ಹಳದಿಯವರು ಕುರ್ಚಿಯ ಮೇಲೆ, ಬೂದಿನವರು ನೆಲದ ಮೇಲೆ. ಹಾಗೆಂದು ಯಾರೂ ಎಲ್ಲೂ ಬರೆದು ಅಂಟಿಸಿರಲಿಲ್ಲ. ಆಯಾಗಳು ಮಕ್ಕಳ ಮಟ್ಟಕ್ಕೆ ಇಳಿದು ಕೆಲಸ ಮಾಡಬೇಕು ಎಂದು ದೊಡ್ಡ ಮೇಡಂ ಹೇಳುತ್ತಿದ್ದರು, ಅಷ್ಟೆ. ಮೇಡಂ ಬಾಯಿ ತುಂಬ ಇಂಥ ಮಾತುಗಳಿದ್ದವು. ನೆಲದ ಮೇಲೆ ತೆವಳುವ ಕೂಸು ನಡೆಯಲು ಕಲಿತ ಮೇಲೆ ಅದಕ್ಕೊಂದು ಪುಟ್ಟ ಕೆಂಪು ಕುರ್ಚಿ ಸಿಗುತ್ತಿತ್ತು. ಅದಕ್ಕೆ ಬಡ್ತಿ. ನಾವು ಅಲ್ಲೇ.

ನಾನು ಡಿಗ್ರಿ ಮುಗಿಸಿದವಳು. ಮಿಸ್ ಕೆಲಸ ಕೇಳಲು ಹೋಗಿದ್ದೆ. ದೊಡ್ಡ ಮೇಡಂ ನನ್ನ ಅಂಕಪಟ್ಟಿಯನ್ನು ಎರಡು ಸಲ ತಿರುವಿ ನೋಡಿ, ಬಹಳ ಮೃದುವಾಗಿ, ಕೊಡಬಹುದಿತ್ತು, ಆದರೆ ನಿಮ್ಮಕ್ಕ ಇಲ್ಲಿ ಆಯಾ ಅಲ್ಲವೇ, ಒಂದೇ ಮನೆಯವರು ಎರಡು ಬಣ್ಣದಲ್ಲಿದ್ದರೆ ಪೋಷಕರಿಗೆ ಗೊಂದಲವಾಗುತ್ತದೆ ಎಂದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ನಾನು ತಲೆಯಾಡಿಸಿದೆ. ತಲೆಯಾಡಿಸುವುದು ನನಗೆ ಚೆನ್ನಾಗಿ ಬರುತ್ತದೆ. ಮರುದಿನದಿಂದ ಬೂದು ಏಪ್ರನ್ ಕಟ್ಟಿಕೊಂಡೆ.

ಅಕ್ಕನ ಮಗಳಿಗೆ ಮೂರು ವರ್ಷ. ದುಂಡಗೆ, ಗಟ್ಟಿಯಾಗಿ, ಎಲ್ಲಿ ಬಿಟ್ಟರೂ ಉರುಳಿಕೊಂಡು ಹೋಗುವವಳು. ಬಟಾಣಿ ಎಂದೇ ಕರೆಯುತ್ತಿದ್ದೆವು. ಭಾವ ಕಟ್ಟಡದ ಕೆಲಸಕ್ಕೆಂದು ಬೇರೆ ಊರಿಗೆ ಹೋಗಿದ್ದರು. ಮಗುವನ್ನು ಬಿಟ್ಟು ಬರಲು ಜಾಗವಿರಲಿಲ್ಲ. ಕರೆದುಕೊಂಡು ಬಾ ಎಂದು ದೊಡ್ಡ ಮೇಡಂ ಔದಾರ್ಯ ತೋರಿಸಿದರು. ಔದಾರ್ಯಕ್ಕೆ ಷರತ್ತಿತ್ತು. ಮಗು ಹಿಂದಿನ ತೊಳೆಯುವ ಕೋಣೆಯಲ್ಲೇ ಇರಬೇಕು. ಮುಂದಿನ ದೊಡ್ಡ ಹಾಲ್‌ಗೆ ಬಂದರೆ ಏನಾದರೂ ಕೊಡಲು, ಒರೆಸಲು ಮಾತ್ರ. ಮತ್ತೆ, ಗುರುತಿಗೆ ಏನಾದರೂ ಹಾಕಿರಬೇಕು. ಇಲ್ಲದಿದ್ದರೆ ನೋಡಿದವರು ನಮ್ಮ ಮಕ್ಕಳಲ್ಲೊಂದು ಎಂದುಕೊಳ್ಳುತ್ತಾರೆ.

ಅಕ್ಕ ತನ್ನ ಹಳೆಯ ಏಪ್ರನ್ ಕತ್ತರಿಸಿ ಮಗಳ ಅಳತೆಗೆ ಹೊಲಿದಳು. ಬಟಾಣಿ ಅದನ್ನು ಹಾಕಿಕೊಂಡು, ಅಮ್ಮನ ಥರಾನೇ ಎಂದು ಕುಣಿದಾಡಿದಳು.

ತೊಳೆಯುವ ಕೋಣೆಗೆ ಕಿಟಕಿಯಿರಲಿಲ್ಲ. ಒಂದು ಕಡೆ ಹಾಲಿನ ಬಾಟಲಿಗಳು ಕುದಿಯುವ ಪಾತ್ರೆ. ಇನ್ನೊಂದು ಕಡೆ ಹೇತು ಕೊಳೆಯಾದ ಬಟ್ಟೆಗಳ ಟಬ್ಬು. ಹಬೆ, ಸೋಪು, ಹುಳಿಹಾಲಿನ ವಾಸನೆ. ಅಕ್ಕನ ಬೆರಳಸಂದಿಗಳು ಸೀಳಿ ಕೆಂಪಾಗಿರುತ್ತಿದ್ದವು. ಸೋಪು ತಾಗಿದಾಗ ಉಸಿರನ್ನು ಹಲ್ಲಿನ ನಡುವೆ ಎಳೆದುಕೊಳ್ಳುತ್ತಿದ್ದಳು. ಬಟಾಣಿ ಪಕ್ಕದಲ್ಲಿ ಬಾಟಲಿಯ ಮುಚ್ಚಳಗಳನ್ನು ಜೋಡಿಸುತ್ತಾ ಅದೇ ಥರ ಉಸಿರು ಎಳೆಯುತ್ತಿದ್ದಳು. ಅವಳ ಕೈಗೆ ಏನೂ ಆಗಿರಲಿಲ್ಲ. ಕೆಲಸ ಮಾಡುವುದೆಂದರೆ ಹಾಗೆ ಸದ್ದು ಮಾಡುವುದು ಎಂದುಕೊಂಡಿದ್ದಳು.

ನನ್ನ ಪಾಲಿಗೆ ಕೂಸುಗಳ ಮೂಲೆ. ಅಲ್ಲಿ ಒಂಬತ್ತು ತಿಂಗಳ ಗಂಡುಮಗು ಇತ್ತು, ಡುಮ್ಮ. ಅವನ ತಾಯಿ ಮೇಲಿನ ಕಚೇರಿಯಲ್ಲಿ ದೊಡ್ಡ ಅಧಿಕಾರಿ. ಬೆಳಿಗ್ಗೆ ಬಿಟ್ಟು ಹೋದರೆ ಕತ್ತಲಾದ ಮೇಲೆ ಬಂದು ಒಯ್ಯುತ್ತಿದ್ದರು. ಬೂದು ಏಪ್ರನ್ ಕಂಡರೆ ಡುಮ್ಮನ ಎರಡೂ ಕೈ ಮೇಲೇಳುತ್ತಿದ್ದವು. ಅದರೊಳಗೆ ನಾನಿದ್ದರೂ ಸರಿ, ಅಕ್ಕ ಇದ್ದರೂ ಸರಿ, ಮುದುಕಿ ಆಯಾ ಇದ್ದರೂ ಸರಿ. ಒಂದು ದಿನ ಏಪ್ರನ್ ಒದ್ದೆಯಾಗಿ, ನನ್ನ ಅಂಗಿಯಲ್ಲೇ ಎತ್ತಿಕೊಳ್ಳಲು ಹೋದರೆ ಕಿರುಚಿ ಹೊರಳಿಬಿಟ್ಟ. ಅನ್ನ ಬರುವ ಕಡೆಗೆ ಒಂದು ಬಣ್ಣವಿದೆ, ಆ ಬಣ್ಣ ತನ್ನದು ಎಂದು ಅವನು ತೀರ್ಮಾನಿಸಿದ್ದ.

ಒಮ್ಮೆ ತಾಯಿಗೆ ಬಿಡುವು ಸಿಕ್ಕಿತು. ಮಧ್ಯಾಹ್ನ ತಾನೇ ತಿನ್ನಿಸುತ್ತೇನೆಂದು ಕೆಳಗೆ ಬಂದರು. ಬೇಯಿಸಿ ಮಸೆದ ತರಕಾರಿ, ಬೆಳ್ಳಿಯ ಚಮಚ. ಡುಮ್ಮ ಬಾಯಿ ಬಿಗಿಹಿಡಿದ. ತಾಯಿ ಹಾಡಿದರು, ಮುದ್ದು ಮಾಡಿದರು, ವಿಮಾನ ಬಂತು ಎಂದು ಚಮಚ ಹಾರಿಸಿದರು. ಅವನು ಅವರ ಭುಜದ ಮೇಲಿಂದ ನನ್ನ ಕಡೆ ಕೈ ಚಾಚಿ ಅತ್ತ. ಅಧಿಕಾರಿಯ ಮುಖ ಕಪ್ಪಿಟ್ಟಿತು. ಬಟ್ಟೆಯ ಬಣ್ಣ ನೋಡಿ ತಿನ್ನುತ್ತಾನೆ ಎಂದು ಮಿಸ್ ಒಬ್ಬರು ಹೇಳಿದರು. ಹಾಗಾದರೆ ಅದನ್ನೇ ಕೊಡಿ ಎಂದರು ತಾಯಿ. ನಾನು ಏಪ್ರನ್ ಬಿಚ್ಚಿ ಕೊಟ್ಟೆ. ಅವರು ಅದನ್ನು ಎರಡು ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದ ಹಾಗೆ ಹಿಡಿದರು.

"ಇದು ಒಗೆದಿದ್ದಾ?"

ತಲೆಯಾಡಿಸಿದೆ. ಕಟ್ಟಿಕೊಂಡರು. ಡುಮ್ಮ ಬಾಯಿ ತೆರೆದ. ದೊಡ್ಡ ಅಧಿಕಾರಿ ಆಯಾ ವೇಷದಲ್ಲಿ ಕೂತು ಹೆತ್ತ ಮಗನಿಗೆ ಊಟ ಮಾಡಿಸಿದರು. ಊಟ ಮುಗಿದ ತಕ್ಷಣ ಏಪ್ರನ್ ಬಿಚ್ಚಿ ನೆಲಕ್ಕೆ ಹಾಕಿ, ಕೈ ತೊಳೆದುಕೊಂಡು, ದೊಡ್ಡ ಮೇಡಂ ಕೋಣೆಗೆ ದೂರು ಹೇಳಲು ಹೋದರು. ಮರುದಿನ ಹೊಸ ನಿಯಮ ಬಂತು. ಕೂಸುಗಳಿಗೆ ತಿನ್ನಿಸುವಾಗ ಆಯಾಗಳು ಮಾತಾಡಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ಬೆನ್ನು ನಮ್ಮ ಕಡೆ ಬರುವಂತೆ ಕೂರಿಸಿಕೊಳ್ಳಬೇಕು. ಮಗು ತಪ್ಪು ಕಡೆ ಅಂಟಿಕೊಳ್ಳಬಾರದಂತೆ. ಹೊಟ್ಟೆ ತುಂಬಿಸುವ ಕಡೆ ತಪ್ಪು ಕಡೆ.

ನಡೆಯುವ ಮಕ್ಕಳು ಇನ್ನೂ ಜಾಣರು. ಹಳದಿ ಮಿಸ್ ಬಿಸ್ಕತ್ತು ಕೊಟ್ಟರೆ ಥ್ಯಾಂಕ್ಯೂ ಎಂದು ರಾಗವಾಗಿ ಹೇಳಬೇಕು ಎಂದು ಅವರಿಗೆ ಕಲಿಸಿದ್ದರು. ಹೊಸದಾಗಿ ಸೇರಿದ ಹುಡುಗಿಯೊಂದು ನಾನು ನೀರು ಕೊಟ್ಟಾಗ ಥ್ಯಾಂಕ್ಯೂ ಅಂದಿತು. ಪಕ್ಕದಲ್ಲಿದ್ದ ನಾಲ್ಕು ವರ್ಷದ ಹುಡುಗ, ಅವನನ್ನು ಎಲ್ಲರೂ ಮಾನಿಟರ್ ಎನ್ನುತ್ತಿದ್ದರು, ತಿದ್ದಿದ. "ಬೂದಿಗೆ ಹೇಳ್ಬೇಕಿಲ್ಲ." ಕೋಪದಿಂದ ಹೇಳಲಿಲ್ಲ. ಬಚ್ಚಲು ಆ ಕಡೆ ಇದೆ ಎಂದು ತೋರಿಸಿದ ಹಾಗೆ ಹೇಳಿದ. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಅಪ್ಪ ಅಮ್ಮ ನಮಗೆ ಥ್ಯಾಂಕ್ಯೂ ಹೇಳದೇ ಹೋಗುವುದನ್ನು ದಿನವೂ ನೋಡಿದ್ದ, ಅಷ್ಟೇ ಸಾಕಾಗಿತ್ತು.

ಬಟಾಣಿಯೂ ನೋಡುತ್ತಿದ್ದಳು. ಮೊದಮೊದಲು ಹಾಲಿಗೆ ಓಡಿ ಬಂದು ಕೆಂಪು ಕುರ್ಚಿ ಏರುತ್ತಿದ್ದಳು. ಏರಿದಾಗೆಲ್ಲ ಒಂದು ಹಳದಿ ಕೈ ಅವಳನ್ನು ಕಂಕುಳಲ್ಲಿ ಹಿಡಿದು ಇಳಿಸುತ್ತಿತ್ತು. ಹೊಡೆಯುತ್ತಿರಲಿಲ್ಲ. ಅವರು ಸುಶಿಕ್ಷಿತರು, ಮಕ್ಕಳಿಗೆ ಹೊಡೆಯುವುದಿಲ್ಲ. ಇಳಿಸಿದ ಮೇಲೆ ಕೂತ ಜಾಗವನ್ನು ಅವಳ ಕೈಯಲ್ಲೇ ಒರೆಸಿಸುತ್ತಿದ್ದರು, ಶಿಸ್ತು ಬರಲಿ ಎಂದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ದೊಡ್ಡ ಮೇಡಂ ಹೇಳುವುದಿತ್ತು. ಗಿಡ ಬಗ್ಗಿತು. ಕೆಲವು ದಿನಗಳಲ್ಲೇ ಬಟಾಣಿ ಕುರ್ಚಿ ಏರುವುದನ್ನು ಬಿಟ್ಟು, ಒರೆಸುವುದನ್ನು ಮಾತ್ರ ಇಟ್ಟುಕೊಂಡಳು. ಮಕ್ಕಳು ಮನೆ ಆಟ ಆಡುವಾಗ ಅವಳನ್ನು ಕರೆದು, ನೀನು ಮೇಜಿನ ಕೆಳಗೆ ಎನ್ನುತ್ತಿದ್ದರು. ಅವಳು ಹೋಗಿ ಮೇಜಿನ ಕೆಳಗೆ ಕೂರುತ್ತಿದ್ದಳು. ಆಟಕ್ಕೆ ಸೇರಿಸಿಕೊಂಡರಲ್ಲ ಎಂಬ ಸಂತೋಷ ಮುಖದಲ್ಲಿರುತ್ತಿತ್ತು. ನನಗೆ ಆ ಸಂತೋಷವನ್ನು ನೋಡಲಾಗುತ್ತಿರಲಿಲ್ಲ. ಅಕ್ಕನಿಗೆ ಹೇಳಿದೆ. ಅವಳು ಬಟ್ಟೆ ಹಿಂಡುತ್ತಾ, ಇನ್ನೇನು ಮಾಡಲಿ ಹೇಳು, ನಿನ್ನ ಡಿಗ್ರಿ ಮೇಲೆ ಕೂರಿಸಲಾ ಎಂದಳು.

ಹೀಗಿರುವಾಗ ಪೋಷಕರನ್ನೆಲ್ಲ ಕರೆಯುವ ದಿನ ಬಂತು. ಮಕ್ಕಳ ಮನಸ್ಸಿನ ತಜ್ಞರೊಬ್ಬರು ಬಂದು ಮಾತಾಡುವವರಿದ್ದರು. ವಿಷಯ, ಮಕ್ಕಳಿಗೆ ಭೇದವಿಲ್ಲ. ಮೂರು ದಿನ ಮೊದಲು ದೊಡ್ಡ ಮೇಡಂ ತೊಳೆಯುವ ಕೋಣೆಯ ಬಾಗಿಲಿಗೆ ಬಂದರು. ಮೂಗಿಗೆ ಕರವಸ್ತ್ರ ಹಿಡಿದೇ ಅಕ್ಕನಿಗೆ ಹೇಳಿದರು, ಅಂದು ನಿನ್ನ ಮಗಳೂ ಎಲ್ಲ ಮಕ್ಕಳ ಜೊತೆ ಹಾಲಿನಲ್ಲಿ ಕೂರಲಿ, ಹಳದಿ ಫ್ರಾಕು ನಾನೇ ಕೊಡಿಸುತ್ತೇನೆ. ಚೆನ್ನಾಗಿ ಹೊಂದಿಕೊಂಡರೆ ಸೋಮವಾರದಿಂದ ಅಲ್ಲೇ ಇರಲಿ.

ಅಕ್ಕ ಆ ಮಾತನ್ನು ನಂಬಿ ನುಂಗಿಬಿಟ್ಟಳು. ಅವಳನ್ನು ಬೈಯಲಾರೆ. ಹಸಿದವರು ಹಾಗೆಯೇ ನುಂಗುವುದು. ಮನೆಗೆ ಬಂದು ಬಕೆಟ್ಟು ಬೋರಲು ಹಾಕಿದಳು. ನಮ್ಮದು ಒಂದೇ ಕೋಣೆ, ಅದರಲ್ಲಿ ಕುರ್ಚಿ ಇರಲಿಲ್ಲ. "ಇದು ಕುರ್ಚಿ. ಕೂತ್ಕೋ ಕಂದ." ಬಟಾಣಿ ಬಕೆಟ್ಟಿನ ಮೇಲೆ ಕೂತಳು. ಬೆನ್ನು ನೆಟ್ಟಗೆ, ಕೈ ತೊಡೆಯ ಮೇಲೆ. ರಾಣಿ ಥರ ಇದ್ದೀಯಲ್ಲೇ ಎಂದಳು ಅಕ್ಕ. ಬಟಾಣಿ ನನ್ನ ಕಡೆ ತಿರುಗಿ ಚಿಕ್ಕಿ ನೀರು ಕೊಡು ಎಂದು ಅಪ್ಪಣೆ ಮಾಡಿದಳು. ನಾನು ಬಗ್ಗಿ ನೀರು ಕೊಟ್ಟೆ. ಬಿದ್ದು ಬಿದ್ದು ನಕ್ಕೆವು. ಮೂರು ದಿನವೂ ಅದೇ ಆಟ. ಕೂತ್ಕೋ ಅಂದರೆ ಸಾಕು, ಕೂರುತ್ತಿದ್ದಳು. ಮಗಳಿಗೆ ಕಲಿಸಬೇಕಾದ್ದನ್ನು ಕಲಿಸಿದೆನೆಂದು ಅಕ್ಕ ನಿರಾಳವಾದಳು.

ಆ ದಿನ ಹಾಲ್ ತುಂಬ ಸುಗಂಧ ಹೊಡೆಯುತ್ತಿತ್ತು. ಪೋಷಕರು ದೊಡ್ಡ ಕುರ್ಚಿಗಳಲ್ಲಿ. ಮುಂದೆ ಅರ್ಧ ವೃತ್ತದಲ್ಲಿ ಪುಟ್ಟ ಕೆಂಪು ಕುರ್ಚಿಗಳು, ಅವುಗಳಲ್ಲಿ ಮಕ್ಕಳು, ಒಂದು ಖಾಲಿ. ನಾನು ಡುಮ್ಮನನ್ನು ಎತ್ತಿಕೊಂಡು ಗೋಡೆಗಂಟಿ ನಿಂತಿದ್ದೆ, ನಿಯಮದ ಪ್ರಕಾರ ಅವನ ಬೆನ್ನು ನನ್ನ ಕಡೆಗೆ. ಅಕ್ಕ ಹಿಂದಿನ ಬಾಗಿಲಲ್ಲಿ ಒದ್ದೆ ಕೈಯಲ್ಲಿ. ತಜ್ಞರ ದನಿ ಚೆನ್ನಾಗಿತ್ತು. ಮಗುವಿನ ಮನಸ್ಸು ಬಿಳಿ ಹಾಳೆ ಎಂದರು. ತಾನು ಬೇರೆ, ಅವನು ಬೇರೆ ಎಂಬುದು ಅದಕ್ಕೆ ಗೊತ್ತೇ ಇಲ್ಲ, ನಾವು ಅವರಿಂದ ಕಲಿಯಬೇಕು ಎಂದರು. ಪೋಷಕರು ಕಲಿಯುವವರ ಮುಖ ಮಾಡಿಕೊಂಡು ಕೂತಿದ್ದರು. ಡುಮ್ಮ ಕತ್ತು ಹಿಂದಕ್ಕೆ ತಿರುಗಿಸಿ ನನ್ನ ಏಪ್ರನ್ನನ್ನು ನೆಕ್ಕುತ್ತಿದ್ದ.

ದೊಡ್ಡ ಮೇಡಂ ಎದ್ದು, ನಮ್ಮಲ್ಲಿ ಎಲ್ಲರ ಮಕ್ಕಳೂ ಒಂದೇ ಎಂದು ಹೇಳಿ, ಬಟಾಣಿಯ ಕೈ ಹಿಡಿದು ಕರೆತಂದರು. ಹಳದಿ ಫ್ರಾಕು, ಹಳದಿ ರಿಬ್ಬನ್ನು. ಖಾಲಿ ಕುರ್ಚಿಯ ಮುಂದೆ ನಿಲ್ಲಿಸಿ, ಕೂತ್ಕೋ ಪುಟ್ಟ ಎಂದರು.

ಬಟಾಣಿ ಕುರ್ಚಿಯನ್ನು ನೋಡಿದಳು. ಮೇಡಂ ಮುಖ ನೋಡಿದಳು. ಕೈಯಲ್ಲಿ ಬಟ್ಟೆ ಇಲ್ಲ ಎಂದು ಗೊತ್ತಾಯಿತು. ಫ್ರಾಕಿನ ಅಂಚನ್ನು ಮುದುಡಿ ಹಿಡಿದು ಕುರ್ಚಿಯನ್ನು ಒರೆಸಿದಳು. ಕೂರುವ ಹಲಗೆ, ಬೆನ್ನು, ನಾಲ್ಕು ಕಾಲು. ಒರೆಸಿ ಕುರ್ಚಿಯ ಹಿಂದೆ ಹೋಗಿ ಕೈಕಟ್ಟಿ ನಿಂತಳು.

"ಅವಳು ಕೂರಲ್ಲ," ಎಂದ ಮಾನಿಟರ್, ತಜ್ಞರಿಗೆ ಸಹಾಯ ಮಾಡುವಂತೆ. "ಅವಳು ಬೂದು."

ಬಟಾಣಿಯ ಮೈಮೇಲೆ ತಲೆಯಿಂದ ಕಾಲಿನವರೆಗೆ ಹಳದಿ ಇತ್ತು. ಒಂಬತ್ತು ತಿಂಗಳಿನವನಿಗೆ ಬಟ್ಟೆ ಮಾತ್ರ ಕಾಣುತ್ತದೆ. ನಾಲ್ಕು ವರ್ಷದವನು ಬಟ್ಟೆಯನ್ನು ದಾಟಿ ನೋಡುತ್ತಾನೆ. ನಡುವೆ ಅವನು ಕಲಿತದ್ದು ಇಷ್ಟು, ಕಲಿಸಿದವರು ಇಲ್ಲೇ ದೊಡ್ಡ ಕುರ್ಚಿಗಳಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದರು.

ತಜ್ಞರು ಒಂದು ಕ್ಷಣ ಗಲಿಬಿಲಿಯಾದರು. ಓದಿದವರಲ್ಲವೇ, ಬೇಗ ಚೇತರಿಸಿಕೊಂಡರು. ಎಷ್ಟು ಶಿಸ್ತಿನ ಮಗು, ಬೇರೆಯವರಿಗಾಗಿ ಜಾಗ ಶುಚಿ ಮಾಡಿತು ನೋಡಿ ಎಂದರು. ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ಬಟಾಣಿ ಹಿಗ್ಗಿದಳು. ಇನ್ನೊಂದು ಸಲ ಕುರ್ಚಿ ಒರೆಸಿದಳು.

ಅಕ್ಕ ಬಾಗಿಲು ಬಿಟ್ಟು ನಡೆದು ಬಂದಳು. ನೆಲದ ಮೇಲೆ ಅವಳ ಕೈಯಿಂದ ಸೋಪಿನ ನೀರು ತೊಟ್ಟಿಕ್ಕುತ್ತಿತ್ತು. ಮಕ್ಕಳ ಸಾಲಿನೊಳಗೆ ನುಗ್ಗಿ ಆ ಪುಟ್ಟ ಕುರ್ಚಿಯ ಮೇಲೆ ಕೂತಳು. ದಪ್ಪ ಮೈ. ಮೊಣಕಾಲು ಎದೆಗೆ ಬಂತು. ಕುರ್ಚಿ ಕಿರುಗುಟ್ಟಿತು. ಚಪ್ಪಾಳೆ ನಿಂತಿತು.

ಏನಿದು ಎಂದು ದೊಡ್ಡ ಮೇಡಂ ಕೇಳಿದರು. ಅಕ್ಕ ನೆಲ ನೋಡುತ್ತಲೇ ಹೇಳಿದಳು, "ಕೂತಿದ್ದೀನಿ. ಅವಳು ಕೂತ್ಮೇಲೆ ಏಳ್ತೀನಿ."

"ಎಲ್ಲರ ಮುಂದೆ ನನ್ನ ಮಾನ ತೆಗೀಬೇಡ. ಎದ್ದೇಳು."

"ಅವಳು ಕೂರ್ಲಿ."

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನನಗೆ ನಗು ಬರುತ್ತದೆ, ಒಳ್ಳೆಯ ನಗುವಲ್ಲ. ಮಿಸ್ ಒಬ್ಬರು ಇನ್ನೊಂದು ಕುರ್ಚಿ ತಂದಿಟ್ಟರು. ದೊಡ್ಡ ಮೇಡಂ ಬಗ್ಗಿ, ಕೂತ್ಕೋ ಬಂಗಾರ ಎಂದರು. ತಜ್ಞರು ನೆಲಕ್ಕೆ ಮಂಡಿಯೂರಿ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ, ಚಾಕಲೇಟು ಹಿಡಿದು, ಕೂತರೆ ಇದು ನಿನಗೆ ಎಂದರು. ಡುಮ್ಮನ ತಾಯಿ, ಕೂತು ಬಿಡಮ್ಮ, ನನಗೆ ಮೀಟಿಂಗಿದೆ ಎಂದರು. ಆಯಾ ಮಗಳು ಕುರ್ಚಿಯಲ್ಲಿ ಕೂರಲೆಂದು ಅಷ್ಟು ದೊಡ್ಡ ಮನುಷ್ಯರು ಸಾಲಾಗಿ ಬೇಡಿಕೊಂಡರು. ಅವಳು ಕೂರಲಿಲ್ಲ. ಅಷ್ಟು ಚೆನ್ನಾಗಿ ಬಗ್ಗಿಸಿದ್ದರು. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಇವರು ಪರೀಕ್ಷೆ ಮಾಡುತ್ತಿದ್ದಾರೆ, ಕೂತರೆ ಕಂಕುಳಿಗೆ ಕೈ ಬರುತ್ತದೆ ಎಂದು ಅವಳ ಲೆಕ್ಕ. ಹೊಸ ಕುರ್ಚಿಯನ್ನೂ ಒರೆಸಿಬಿಟ್ಟಳು. ಕೊನೆಗೆ ಅಕ್ಕನ ಹತ್ತಿರ ಬಂದು ತೋಳು ಹಿಡಿದು ಜಗ್ಗಿದಳು.

"ಅಮ್ಮ, ಏಳು. ಇಲ್ಲಿ ನಾವು ಕೂರಬಾರ್ದು."

ಅಕ್ಕ ಎದ್ದಳು. ಕೈ ಮಾತ್ರ ಕುರ್ಚಿಯ ಬೆನ್ನನ್ನು ಬಿಡಲಿಲ್ಲ. ಕುರ್ಚಿಯನ್ನು ಎತ್ತಿ ಕಂಕುಳಿಗಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಮಗಳನ್ನು ಹಿಡಿದು ಬಾಗಿಲ ಕಡೆ ನಡೆದಳು. ಅದು ನಮ್ಮ ಕುರ್ಚಿ ಎಂದರು ದೊಡ್ಡ ಮೇಡಂ. ಅಕ್ಕ ತಿರುಗಿದಳು. ಅಷ್ಟು ಹೊತ್ತಿಗೆ ಅವಳು ನೆಲ ನೋಡುವುದನ್ನು ಬಿಟ್ಟಿದ್ದಳು.

"ಮೂರು ವರ್ಷದ ಮಗುಗೆ ಕುರ್ಚಿ ಕಂಡ್ರೆ ಹೆದರೋದು ಕಲ್ಸಿದ್ದೀರಿ. ಅದನ್ನ ಬಿಡಿಸೋಕೆ ಕುರ್ಚಿನೇ ಬೇಕು. ಬಕೆಟ್ಟಲ್ಲಿ ಆಗಲ್ಲ. ಬಿಡ್ಸಿದ್ಮೇಲೆ ತಂದು ಬಿಸಾಕ್ತೀನಿ."

ಪೊಲೀಸರನ್ನು ಕರೆಯುವ ಮಾತು ಬಂತು. ಪ್ಲಾಸ್ಟಿಕ್ ಕುರ್ಚಿಗೆ ಪೊಲೀಸರು ಬರುತ್ತಾರೆಯೇ ಎಂದು ಯಾರೋ ಗೊಣಗಿದರು. ಅಕ್ಕ ಹೋಗಿಯಾಗಿತ್ತು. ನಾನು ಡುಮ್ಮನನ್ನು ಅವನ ತಾಯಿಯ ತೋಳಿಗೆ ಹಾಕಿದೆ. ಅವನು ಹೆಡೆಯೆತ್ತಿದ ಹಾವಿನ ಹಾಗೆ ಹಿಂದಕ್ಕೆ ಬಾಗಿ ಅರಚತೊಡಗಿದ. ಅಧಿಕಾರಿ ಗಾಬರಿಯಿಂದ ನನ್ನ ಹಿಂದೆ ಬಂದರು. ಹೋಗುವುದಾದರೆ ಹೋಗು, ಏಪ್ರನ್ನಾದರೂ ಕೊಟ್ಟು ಹೋಗು ಎಂದರು. ಬಿಚ್ಚಿ ಕೈಗಿಟ್ಟೆ. ಅಂದು ಆ ಹಾಲಿನಲ್ಲಿ ನಾನು ಆಡಿದ್ದು ಒಂದೇ ಮಾತು.

"ಒಗೆದಿಲ್ಲ."

ಅವರು ಕಟ್ಟಿಕೊಂಡರು.

ಮನೆಯಲ್ಲಿ ಕುರ್ಚಿಯನ್ನು ಗೋಡೆಯ ಹತ್ತಿರ ಇಟ್ಟೆವು. ಕೆಲಸ ಹೋಗಿತ್ತು. ಅಕ್ಕ ಮನೆಮನೆಗೆ ಪಾತ್ರೆ ತೊಳೆಯಲು ಹೋಗತೊಡಗಿದಳು, ನಾನು ಬೀದಿಯ ಮಕ್ಕಳಿಗೆ ಪಾಠ ಹೇಳತೊಡಗಿದೆ. ಕುರ್ಚಿ ಬಂದ ಮಾತ್ರಕ್ಕೆ ಏನೂ ಬದಲಾಗಲಿಲ್ಲ. ಬಟಾಣಿ ದಿನವೂ ಎದ್ದ ಕೂಡಲೇ ಅದನ್ನು ಒರೆಸುತ್ತಿದ್ದಳು. ಒರೆಸಿ, ಪಕ್ಕದ ಬಕೆಟ್ಟಿನ ಮೇಲೆ ಕೂರುತ್ತಿದ್ದಳು. ನಾನು ಎತ್ತಿ ಕೂರಿಸಲು ಹೋದರೆ ಮೈ ಮರಗಟ್ಟಿಸಿ ಕಾಲು ಮಡಚುತ್ತಲೇ ಇರಲಿಲ್ಲ. ಬಿಡು, ಬಲವಂತ ಬೇಡ ಎಂದಳು ಅಕ್ಕ. ಅವಳು ಕುರ್ಚಿಯ ಮಾತನ್ನೇ ಎತ್ತಲಿಲ್ಲ. ಒಮ್ಮೆ ನೀರು ಹಿಡಿದು ವಾಪಸು ಬರುವಾಗ ಕಿಟಕಿಯಿಂದ ನೋಡಿದೆ, ಬಟಾಣಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಬಾಗಿಲು ಸದ್ದಾದ ಕೂಡಲೇ ಜಿಗಿದು ಇಳಿದು, ಒರೆಸುವ ನಾಟಕ ಮಾಡಿದಳು. ಕದ್ದು ಕೂರುತ್ತಿದ್ದಳು. ಕುರ್ಚಿಯನ್ನು ಕದ್ದವರ ಮನೆಯಲ್ಲಿ.

ಒಂದು ಭಾನುವಾರ ಡೇ ಕೇರಿನ ಮಿಸ್ ಒಬ್ಬರು ಹುಡುಕಿಕೊಂಡು ಬಂದರು. ಹಳದಿ ಕೋಟಿನಲ್ಲೇ ಬಂದಿದ್ದರು, ಅದು ಇದ್ದರೆ ನಮ್ಮಂಥ ಬೀದಿಯಲ್ಲಿ ದಾರಿ ಬಿಡುತ್ತಾರೆಂದೋ ಏನೋ. ಬಾಗಿಲು ತೆರೆದೇ ಇತ್ತು. ಅಕ್ಕ ನೆಲದ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಬಟಾಣಿ ಅವಳ ಬೆನ್ನಹಿಂದೆ ಕುರ್ಚಿಯಲ್ಲಿ ಸಿಕ್ಕಿಬಿದ್ದಳು. ಇಳಿಯಲು ಸಮಯ ಸಿಗಲಿಲ್ಲ.

ಕುರ್ಚಿ ಒಯ್ಯಲು ಬಂದಿದ್ದೇನೆ ಎಂದರು ಮಿಸ್. ಅದು ಸೆಟ್ಟಂತೆ, ಒಂದು ಕಡಿಮೆಯಾದರೆ ಸಾಲು ವಿಕಾರವಾಗಿ ಕಾಣುತ್ತದಂತೆ. ಆಮೇಲೆ ಬಟಾಣಿಯ ಕಡೆ ನೋಡಿ ಹಳೆಯ ದನಿಯಲ್ಲಿ, ಏಳು ಪುಟ್ಟ ಎಂದರು.

ಬಟಾಣಿಯ ಕಾಲು ಕೆಳಗೆ ಬಂತು. ಹೆಬ್ಬೆರಳು ನೆಲ ಮುಟ್ಟಿತು. ಅಲ್ಲಿ ನಿಂತು ಅವಳು ಅಮ್ಮನನ್ನು ನೋಡಿದಳು. ಅಕ್ಕ ಏಳಲಿಲ್ಲ. ಹಳದಿ ಕೋಟು ಹೊಸಿಲು ದಾಟಿ ಒಳಗೆ ಬಂದಿತ್ತು, ಅಕ್ಕ ಎದ್ದು ನಿಲ್ಲಲಿಲ್ಲ, ಕೈ ಒರೆಸಿಕೊಳ್ಳಲಿಲ್ಲ, ತಲೆ ಸಹ ಎತ್ತಲಿಲ್ಲ. ಇನ್ನೊಂದು ಈರುಳ್ಳಿ ತೆಗೆದುಕೊಂಡು ಸಿಪ್ಪೆ ಸುಲಿದಳು. ಬಟಾಣಿ ನನ್ನನ್ನು ನೋಡಿದಳು. ನಾನೂ ಗೋಡೆಗೊರಗಿ ಕೂತೇ ಇದ್ದೆ. ಹೆದರಿಕೆ ಇತ್ತು, ಆದರೆ ಕೂತಿದ್ದೆ. ಅವಳು ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿದಳು. ಹಾಗೆ ನೋಡಿಯೇ ಅಲ್ಲವೇ ಅವಳು ಎಲ್ಲವನ್ನೂ ಕಲಿತದ್ದು.

ಕಾಲು ಮೇಲೆ ಹೋಯಿತು. ಬೆನ್ನು ಹಿಂದಕ್ಕೆ ಒರಗಿತು. ಎರಡೂ ಕೈಯಲ್ಲಿ ಕುರ್ಚಿಯ ಅಂಚು ಹಿಡಿದಳು.

"ಮಿಸ್," ಎಂದಳು, ತುಂಬ ಮರ್ಯಾದೆಯಿಂದ, "ನೀವು ಕೆಳಗೆ ಕೂತ್ಕೊಳ್ಳಿ."

ನೆಲ ಶುಚಿಯಾಗಿತ್ತು. ಮಿಸ್ ನೆಲ ನೋಡಿದರು, ತಮ್ಮ ಕೋಟು ನೋಡಿಕೊಂಡರು, ನಿಂತೇ ಇದ್ದರು.